ಯಾರು ಯಾರನ್ನ ಎಳೀತಿದ್ದಾರೆ?

ಕೆ.ಆರ್.ಎಸ್. ರಸ್ತೆಯ ಟೈರ್ ಕಾರ್ಖಾನೆ ಜೆ.ಕೆ. ಆಗಿ ಎಷ್ಟೋ ವರ್ಷ ಆದರೂ ಮೇಟಗಳ್ಳಿಯವರ ಬಾಯಲ್ಲಿ ಅದಿನ್ನೂ ‘ವಿಕ್ರಾಂತ್’. ಅಪ್ಪ ರಿಟೈರ್ ಆಗಿದ್ದು ಅಲ್ಲಿಂದಲೇ. ಅದರ ಹತ್ತಿರದ ಟೀ ಅಂಗಡಿ ಮುಂದೆ ಅಪ್ಪನಿಗೆ ಸಿಕ್ಕ ಮರಿಯೇ ನಮ್ಮ ರಾಗಿ. ಅಪ್ಪಟ ಬೀದಿನಾಯಿ, ಬಣ್ಣ ಮಾತ್ರ ಥೇಟ್ ರಾಗಿಹಿಟ್ಟು.

ಎರಡು ವರ್ಷ ತುಂಬೋ ಹೊತ್ತಿಗೆ ಅವಳ ಶಕ್ತಿ ಮನೆಗೆ ಹಿಡಿಸದಂತಾಯ್ತು. ನನಗೋ ಹೆಬ್ಬಾಳದಲ್ಲಿ ಐಟಿ ಕೆಲಸ, ಬೆಳಗ್ಗೆ ಒಂಬತ್ತಕ್ಕೆ ಮೊದಲ ಕಾಲ್. ಅರ್ಧ ಗಂಟೆ ವಾಕಿಂಗ್ ಮಾಡಿಸಿದರೂ ವಾಪಸ್ ಬಂದು ಸೋಫಾ ಹರಿಯೋಳು. ಕೊನೆಗೆ ಎಷ್ಟೋ ಜನ ಮಾಡೋದನ್ನೇ ನಾನೂ ಮಾಡಿದೆ. ಆಕ್ಟಿವಾ ಹತ್ತಿ, ಒಂದು ಕೈಯಲ್ಲಿ ಚೈನ್ ಹಿಡಿದು, ಪಕ್ಕದಲ್ಲಿ ಓಡಿಸಿದೆ. ಹದಿನೈದೇ ನಿಮಿಷಕ್ಕೆ ನಾಯಿ ಸುಸ್ತು. ದಾರಿಯಲ್ಲಿ ಹೋಗೋರು “ಸೂಪರ್ ಮೇಡಂ” ಅಂದರು.

ಏಪ್ರಿಲ್‌ನ ಒಂದು ಭಾನುವಾರ, ಸಂಜೆ ಐದು. ಬಿಸಿಲು ಇಳಿದಿತ್ತು, ಡಾಂಬರಿನ ಕಾವು ಇಳಿದಿರಲಿಲ್ಲ. ರಾಗಿ ಎರಡು ಸಲ ಹಿಂದೆ ಬಿದ್ದಳು. ತರಲೆ ಮಾಡ್ತಿದ್ದಾಳೆ ಅಂದ್ಕೊಂಡು ಚೈನ್ ಜಗ್ಗಿದೆ. ಮನೆ ಮೆಟ್ಟಿಲ ಮೇಲೆ ಕೆಂಪು ಹೆಜ್ಜೆಗುರುತು ಕಂಡಾಗ ಎದೆ ಧಸಕ್ಕೆಂದಿತು.

ಡಾಕ್ಟರು ಪಾದ ನೋಡಿ, “ಸುಟ್ಟಿದೆ, ಸವೆದೂ ಇದೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲಮ್ಮ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ನೀವು ಗಾಡಿ ನಿಲ್ಲಿಸದೆ ಅದು ಹೇಗೆ ನಿಲ್ಲುತ್ತೆ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗಾಯ ಮಾಗುವ ತನಕ ರಾತ್ರಿಯೆಲ್ಲ ಓದಿದೆ. ಅಲಾಸ್ಕಾದಲ್ಲಿ 1973ರಿಂದ ಇಡಿಟರಾಡ್ ಅನ್ನೋ ರೇಸ್ ನಡೆಯುತ್ತೆ, ಸುಮಾರು 1,600 ಕಿಲೋಮೀಟರ್ ಹಿಮದಲ್ಲಿ ನಾಯಿಗಳು ಜಾರುಬಂಡಿ ಎಳೆಯುತ್ತವೆ. ಹಿಮ ಇಲ್ಲದ ಕಾಲದಲ್ಲಿ ಇಂಥ ನಾಯಿ ಸಾಕಿದವರು ಅವುಗಳ ಕೈಲಿ ಚಕ್ರದ ಗಾಡಿ ಎಳೆಸುತ್ತಾರೆ. ಕೆಲವರು ನಿಂತು ಕಾಲಲ್ಲಿ ನೂಕುವ ಸ್ಕೂಟರ್ ಬಳಸ್ತಾರೆ. ಮೋಟಾರ್ ಇಲ್ಲ, ದೊಡ್ಡ ಚಕ್ರ, ಗಟ್ಟಿ ಬ್ರೇಕ್, ಅಷ್ಟೇ. ನಾನೂ ಒಂದು ತರಿಸಿದೆ.

ಅದರ ಮುಂದಕ್ಕೆ ರಾಗಿಯ ಕೊರಳಪಟ್ಟಿ ಕಟ್ಟೋಕೆ ಹೋದಾಗ ಅಪ್ಪ ತಡೆದರು. “ಅಲ್ಲಮ್ಮ, ಎತ್ತಿನ ಗಾಡಿ ನೋಡಿಲ್ವಾ? ಭಾರ ಹೆಗಲಿಗೆ ಬೀಳಬೇಕು, ಗಂಟಲಿಗಲ್ಲ.” ಸರಿ, ಎದೆ ಮೇಲೆ ಹಾಯೋ ಹಾರ್ನೆಸ್ ಬಂತು, ಹಿಗ್ಗುವ ಹಗ್ಗ ಬಂತು.

ಮೊದಲ ಮೂರು ದಿನ ರಾಗಿ ಹಿಂದೆ ತಿರುಗಿ ನನ್ನ ಮುಖ ನೋಡಿದ್ದೇ ಆಯ್ತು. ಅಪ್ಪ ಬಿಸ್ಕತ್ತು ಹಿಡಿದು ಮುಂದೆ ಮುಂದೆ ನಡೆದರು. ನಾಲ್ಕನೇ ದಿನ ಹಗ್ಗ ಬಿಗಿಯಾಯ್ತು. ಈಗ ಸೂರ್ಯ ಹುಟ್ಟೋ ಮುಂಚೆ, ಇಂಡಸ್ಟ್ರಿಯಲ್ ಏರಿಯಾದ ಖಾಲಿ ಒಳರಸ್ತೆಯಲ್ಲಿ, ಆದಷ್ಟೂ ಮಣ್ಣಿನ ಅಂಚಲ್ಲಿ ಹತ್ತು ನಿಮಿಷದ ಓಟ. ಹೊರಡೋ ಮುಂಚೆ ಅಂಗೈ ಹಿಂಭಾಗ ಡಾಂಬರಿನ ಮೇಲೆ ಇಡ್ತೀನಿ. ಏಳು ಸೆಕೆಂಡ್ ಇಡೋಕಾಗದಿದ್ದರೆ ಅವತ್ತು ರಜೆ. ಏರು ಬಂದಾಗ ನಾನೂ ಕಾಲಲ್ಲಿ ನೂಕ್ತೀನಿ. ಬೀದಿನಾಯಿಗಳ ಗುಂಪು ಕಂಡರೆ ಇಳಿದು ನಡೀತೀವಿ.

ತಮಾಷೆ ಅಂದ್ರೆ ಈಗಲೇ ಬೈಗುಳ ಜಾಸ್ತಿ. “ಮೂಗುಪ್ರಾಣಿ ಕೈಲಿ ಗಾಡಿ ಎಳೆಸ್ತೀರಲ್ಲ, ಕರುಣೆ ಇಲ್ವಾ?” ಅಂತ ಹಾಲಿನಂಗಡಿಯ ಹತ್ತಿರ ಒಬ್ಬರು ಜಗಳಕ್ಕೇ ಬಂದರು. ಆಕ್ಟಿವಾ ಪಕ್ಕ ಓಡಿಸುವಾಗ ಯಾರೂ ಕೇಳಿರಲಿಲ್ಲ. ಆಗ ನಾಯಿ ಏನೂ ಎಳೀತಿರಲಿಲ್ಲ, ನಿಜ. ಎಳೀತಿದ್ದವಳು ನಾನು.

ಮೊನ್ನೆ ಅರ್ಧ ದಾರಿಯಲ್ಲಿ ರಾಗಿ ನಿಂತಳು. ಸ್ಕೂಟರೂ ನಿಂತಿತು. ಅವಳು ಬೇಲಿ ಪಕ್ಕದ ಹುಲ್ಲಲ್ಲಿ ಕೂತು ನಾಲಿಗೆ ಚಾಚಿದಳು. ನೀರು ಕೊಟ್ಟೆ, ಪಕ್ಕದಲ್ಲೇ ಕೂತೆ. ಏಪ್ರಿಲ್‌ನ ಆ ಸಂಜೆಯೂ ಅವಳು ಕೇಳಿದ್ದು ಇಷ್ಟೇ, ಎರಡು ಸಲ.

ಆಮೇಲೆ ಅವಳೇ ಎದ್ದಳು. ಮನೆ ಕಡೆ ನಡೆದೇ ಬಂದ್ವಿ. ಅವತ್ತಿನ ಒಂಬತ್ತರ ಕಾಲ್‌ಗೆ ನಾನು ಲೇಟು.