ಒನಕೆಯೂ ಬೀಸುಕಲ್ಲೂ

ಮುಂಡಗೋಡದ ಮನೆಯಲ್ಲಿ ಮಲಗಿದ ಮೊದಲ ರಾತ್ರಿ ಆತನಿಗೆ ಎಂದೂ ಪೂರ್ತಿ ನಿದ್ದೆ ಬಂದುದಿಲ್ಲ. ತಿಂಗಳಿಗೆರಡು ಸಲ ರಜೆಯ ಮೇಲೆ ಊರಿಗೆ ಬರುತ್ತಾನೆ, ಉಂಡು ಅಡ್ಡಾಗುತ್ತಾನೆ, ನಡುರಾತ್ರಿಯಲ್ಲಿ ಥಟ್ಟನೆ ಎದ್ದು ಕುಳಿತು ಆಲಿಸುತ್ತಾನೆ. ಹೊರಗೆ ಆಷಾಢದ ಮಳೆ, ಗದ್ದೆಯ ಕಪ್ಪೆಗಳ ಮೇಳ. “ಮಷೀನ್ ನಿಂತಿಲ್ಲ, ಮಲಕೋರಿ. ನೀವು ಊರಾಗ ಅದೀರಿ” ಎಂದು ಹೆಂಡತಿ ನಿದ್ದೆಗಣ್ಣಿನಲ್ಲಿಯೇ ಹೇಳುತ್ತಾಳೆ. ಮೂವತ್ತು ವರ್ಷಗಳಿಂದ ಆಕೆ ಹೇಳುತ್ತ ಬಂದ ಮಾತು ಅದು.

ಆತನ ಕೆಲಸವಿರುವುದು ಬ್ಯಾಡಗಿಯಲ್ಲಿ. ಮುಂಡಗೋಡ ಮಲೆನಾಡಿನ ಸೆರಗು. ಬಂಕಾಪುರದ ದಾರಿ ಹಿಡಿದು ಹಾವೇರಿಯ ಕಡೆಗೆ ಹೊರಟರೆ ಕಾಡು ಹಿಂದುಳಿದು ಬಯಲು ತೆರೆಯುತ್ತದೆ. ಇನ್ನೂ ಮುಂದೆ ಹೋದರೆ ಗಾಳಿಯಲ್ಲಿಯೇ ಘಾಟು. ಬ್ಯಾಡಗಿ ಬಂದಿತೆಂದು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಇಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅದರ ಹೆಸರು ಖಾರದಿಂದ ಬಂದುದಲ್ಲ, ಬಣ್ಣದಿಂದ ಬಂದುದು. ಆದರೆ ಆ ಕೆಂಪು ಬಿಸಿಲು ಬೆಳಕುಗಳಿಗೆ ಮಾಸುವಂಥದು. ಬಣ್ಣ ಮಾಸಿದರೆ ಬೆಲೆಯೂ ಇಳಿಯಿತು. ಆದುದರಿಂದಲೇ ಊರಿನ ಸುತ್ತ ಶೈತ್ಯಾಗಾರಗಳು ಎದ್ದಿವೆ. ಅಲ್ಲಿಯ ಕತ್ತಲಲ್ಲಿ, ತಂಪಿನಲ್ಲಿ, ಒಳ್ಳೆಯ ಧಾರಣೆಗಾಗಿ ಕಾಯುವ ಒಂದೊಂದು ಚೀಲದ ಹಿಂದೆಯೂ ಒಬ್ಬ ರೈತನ ಸಾಲವೋ, ಒಬ್ಬ ಮಗಳ ಮದುವೆಯೋ ಇರುತ್ತದೆ. ಅಂಥದೊಂದು ಶೈತ್ಯಾಗಾರದಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಮಿಸ್ತ್ರಿ ಆತ.

ತಂಪನ್ನು ತಯಾರಿಸುವ ಯಂತ್ರವೆಂಬುದು ಲೋಕದಲ್ಲಿಲ್ಲ. ಶಾಖವನ್ನು ಹೊತ್ತು ಹೊರಗೆ ಹಾಕುವ ಯಂತ್ರ ಮಾತ್ರ ಇದೆ. ಅಮೋನಿಯಾ ದ್ರವವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಕೋಣೆಯಿಂದಲೇ ಹೀರಿಕೊಂಡು ಅನಿಲವಾಗುತ್ತದೆ. ಆ ಅನಿಲವನ್ನು ಬಲವಾಗಿ ಅದುಮಿದರೆ, ಹೀರಿದ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಹೀಗೆ ಹಗಲಿರುಳೂ ಅದುಮುವ ದುಡಿಮೆ ಕಂಪ್ರೆಸರಿನದು. ಮನೆಯ ಫ್ರಿಜ್ಜಿನ ಹಿಂದೆ ಅಡಗಿರುವುದೂ ಅದೇ. ಆದರೆ ಅದು ಮುಚ್ಚಿದ ಡಬ್ಬಿ. ಅದರ ಪಕ್ಕದಲ್ಲಿ ಯಾರೂ ಜಾಗರಣೆ ಮಾಡಬೇಕಾಗಿಲ್ಲ.

ಮಿಸ್ತ್ರಿಯ ಹಳೆಯ ಯಂತ್ರ ಪಿಸ್ಟನ್ನಿನದು. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಅಮೋನಿಯಾವನ್ನು ಅದುಮಲು ರೂಪಿಸಿದ ಯಂತ್ರದ ವಂಶಕ್ಕೆ ಸೇರಿದ್ದು. ಸಿಲಿಂಡರಿನೊಳಗೆ ಪಿಸ್ಟನ್ ಏರುತ್ತದೆ, ಇಳಿಯುತ್ತದೆ. ಒರಳಿನಲ್ಲಿ ಒನಕೆ ಬಿದ್ದ ಹಾಗೆ. ಅದಕ್ಕೊಂದು ತಾಳವಿದೆ. ಆ ತಾಳವೇ ಆತನ ಪಂಚಾಂಗ. ವಾಲ್ವಿನ ತಗಡು ಸೀಳಿದರೆ ಒಂದು ಸದ್ದು. ಆವಿಯಾಗದ ದ್ರವ ಹನಿಹನಿಯಾಗಿ ಒಳಗೆ ಬಂದರೆ ಇನ್ನೊಂದು. ದ್ರವವನ್ನು ಅದುಮಲಾಗದು, ಅದು ಹೆಚ್ಚಾಗಿ ನುಗ್ಗಿದರೆ ಯಂತ್ರದ ಎಲುಬೇ ಮುರಿದೀತು. ಮಾಪಕದ ಮುಳ್ಳು ಅಲುಗುವ ಮೊದಲೇ ಆತ ಹೋಗಿ ವಾಲ್ವು ತಿರುಗಿಸಿದ ರಾತ್ರಿಗಳೆಷ್ಟೋ!

ನಾಲ್ಕಾರು ವರ್ಷಗಳ ಹಿಂದೆ ಸಾಹುಕಾರರು ಹೊಸ ಯಂತ್ರ ತರಿಸಿದರು. ಅದು ಸ್ಕ್ರೂ ಕಂಪ್ರೆಸರ್. ಇದರ ಕಲ್ಪನೆ ಹೊಸದೇನೂ ಅಲ್ಲ. 1878ರಲ್ಲಿಯೇ ಜರ್ಮನಿಯ ಹೈನ್ರಿಕ್ ಕ್ರಿಗಾರ್ ಎಂಬಾತ ಪೇಟೆಂಟ್ ಪಡೆದಿದ್ದ. ಆದರೆ ಅಷ್ಟು ನಯವಾದ ತಿರುಪುಗಳನ್ನು ಕಡೆಯುವ ಕೌಶಲ ಅಂದಿನ ಕಾರ್ಖಾನೆಗಳಿಗೆ ಇರಲಿಲ್ಲ. 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲಿಶೋಲ್ಮ್ ಅದನ್ನು ಬಳಕೆಗೆ ಬರುವಂತೆ ಮಾಡಿದ. ಒಂದರೊಳಗೊಂದು ಹೆಣೆದುಕೊಂಡ ಎರಡು ತಿರುಪುಗಳು ತಿರುಗುತ್ತ, ತಮ್ಮ ನಡುವಿನ ಅನಿಲವನ್ನು ಮುಂದೆ ಮುಂದೆ ನೂಕಿ ಹಿಂಡುತ್ತವೆ. ಕುಟ್ಟುವುದಿಲ್ಲ, ಬೀಸುತ್ತದೆ. ಹಳೆಯದು ಒನಕೆಯಾದರೆ ಇದು ಬೀಸುಕಲ್ಲು.

ಸಾಹುಕಾರರದು ತಪ್ಪು ಲೆಕ್ಕವೆನ್ನುವಂತಿರಲಿಲ್ಲ. ಒಂದು ಬೇಸಗೆಯಲ್ಲಿ, ಸುಗ್ಗಿಯ ಚೀಲಗಳು ಬಂದು ಬೀಳುತ್ತಿದ್ದಾಗಲೇ ಹಳೆಯದರ ವಾಲ್ವು ಮುರಿದು, ಮಿಸ್ತ್ರಿ ಎರಡು ರಾತ್ರಿ ಯಂತ್ರದ ಬುಡದಲ್ಲಿಯೇ ಕಳೆದಿದ್ದ. ಹೊಸದರಲ್ಲಿ ಹೀರುವ, ಹೊರದೂಡುವ ಆ ವಾಲ್ವಿನ ತಗಡುಗಳೇ ಇಲ್ಲ. ಸವೆಯುವ ಭಾಗಗಳೂ ಕಡಮೆ. ಒಳಗೆ ಚಿಮ್ಮಿಸುವ ಎಣ್ಣೆ ಸಂದು ಮುಚ್ಚುತ್ತದೆ, ಕಾವನ್ನೂ ಇಳಿಸುತ್ತದೆ. ಇದೆಲ್ಲವನ್ನೂ ಹುಬ್ಬಳ್ಳಿಯಿಂದ ಬಂದ ತರುಣ ಇಂಜಿನಿಯರ್ ವಿನಯದಿಂದಲೇ ವಿವರಿಸಿದ. ಒತ್ತಡ, ಉಷ್ಣತೆ ಎಲ್ಲವೂ ಗಾಜಿನ ಪರದೆಯ ಮೇಲೆ ಅಂಕೆಗಳಾಗಿ ಮೂಡಿದುವು. “ಇನ್ನು ನೀವು ರಾತ್ರಿ ಏಳೋದು ಬ್ಯಾಡ ಮಿಸ್ತ್ರಿಯವರೆ. ಏನಾದರೂ ಆದರ ಅದ ನಿಲ್ಲತೈತಿ, ಗಂಟೀನೂ ಬಾರಸತೈತಿ” ಎಂದ.

ಸಮಾಧಾನದ ಮಾತೇ. ಆದರೆ ಅಂದು ರಾತ್ರಿ ಮಿಸ್ತ್ರಿಗೆ ಊಟ ಸೇರಲಿಲ್ಲ. ಹೊಸ ಯಂತ್ರಕ್ಕೆ ತಾಳವಿಲ್ಲ. ಒಂದೇ ಶ್ರುತಿಯ ಎಡೆಬಿಡದ ಹೂಂಕಾರ. ಮೂವತ್ತು ವರ್ಷ ಕಿವಿಯಿಂದ ಅನ್ನ ಉಂಡವನಿಗೆ ಅದರಲ್ಲಿ ಕೇಳಿಸಿಕೊಳ್ಳುವಂಥದೇನೂ ತೋರಲಿಲ್ಲ. ಹಳೆಯದನ್ನು ಗುಜರಿಯವನು ನೋಡಿಕೊಂಡು ಹೋದ. ಅದನ್ನು ತೂಕಕ್ಕೆ ಕೊಟ್ಟ ಮೇಲೆ ತನ್ನ ತೂಕವೆಷ್ಟು ಎಂಬ ಪ್ರಶ್ನೆಯನ್ನು ಆತ ಯಾರಲ್ಲಿಯೂ ಕೇಳಲಿಲ್ಲ.

ಬೇಸಗೆಯಲ್ಲಿ ಹೊಸ ಯಂತ್ರ ಆನೆಯಂತೆ ದುಡಿಯಿತು. ಮಳೆಗಾಲ ಬಂದಿತು; ಚೀಲಗಳೆಲ್ಲ ಆಗಲೇ ತಣಿದಿದ್ದುವು, ಬಾಗಿಲು ಮುಚ್ಚಿತ್ತು, ಹೊರಗೂ ತಂಪು. ಕೆಲಸ ಕಾಲುಭಾಗಕ್ಕೆ ಇಳಿದರೂ ವಿದ್ಯುತ್ತಿನ ಬಿಲ್ಲು ಅಷ್ಟು ಇಳಿಯಲಿಲ್ಲ. ಮಿಸ್ತ್ರಿ ತನ್ನ ಹಳೆಯ ದಿನಚರಿ ಪುಸ್ತಕಗಳನ್ನು ಹೊತ್ತು ತಂದ. “ಸಾವ್ಕಾರ್ರ, ಒಂದ್ ಹೋಳಿಗಿ ಬೇಯಸಾಕ ಮದವಿ ಒಲಿ ಹಚ್ಚಿಧಂಗ ಆಗೇತ್ರಿ ಇದು” ಎಂದ.

ಇಂಜಿನಿಯರನನ್ನು ಮತ್ತೆ ಕರೆಸಲಾಯಿತು. ಆತ ಪುಸ್ತಕ ತಿರುವಿ ಹಾಕಿ ಒಪ್ಪಿಕೊಂಡ. ಕೆಲಸ ಕಡಮೆಯಾದಾಗ ಪಿಸ್ಟನ್ ಯಂತ್ರದ ಕೆಲವು ಸಿಲಿಂಡರುಗಳನ್ನು ಸುಮ್ಮನಿರಿಸಬಹುದು. ಖರ್ಚೂ ಹೆಚ್ಚುಕಡಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಸ್ಕ್ರೂ ಯಂತ್ರದಲ್ಲಿ ಜಾರುವ ವಾಲ್ವು ಅನಿಲದ ಒಂದು ಪಾಲನ್ನು ಹಿಂದಕ್ಕೆ ಬಿಡುತ್ತದೆ, ನಿಜ. ಆದರೆ ಕಾಲುಭಾಗದ ಕೆಲಸಕ್ಕೆ ಕಾಲುಭಾಗಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತು ಬೇಡುತ್ತದೆ. ಮೋಟಾರಿನ ವೇಗವನ್ನೇ ಬದಲಿಸುವ ಸಲಕರಣೆಯಿಂದ ಈ ನಷ್ಟವನ್ನು ತಗ್ಗಿಸಬಹುದು. ಅದಕ್ಕೆ ಮತ್ತೆ ಹಣ ಬೇಕು. ಹೊರೆ ಹೆಚ್ಚಿದ್ದಾಗ ಸ್ಕ್ರೂ, ಕಡಮೆಯಾದಾಗ ಪಿಸ್ಟನ್ ಎಂದು ಎರಡನ್ನೂ ಇಟ್ಟುಕೊಳ್ಳುವ ಪದ್ಧತಿ ಬೇರೆಡೆ ಉಂಟೆಂದೂ ಆತನೇ ಹೇಳಿದ. ಗುಜರಿಯವನಿಗೆ ಬರಬೇಡವೆಂದು ಫೋನು ಹೋಯಿತು.

ಹೊರಡುವ ಮುನ್ನ ತರುಣ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಹೊಸ ಯಂತ್ರದ ಬೇರಿಂಗಿನ ಮೇಲೆ ಊರಿ, ಅದರ ಹಿಡಿಯನ್ನು ಮಿಸ್ತ್ರಿಯ ಕಿವಿಗೆ ಹಚ್ಚಿದ. “ಪರದೆ ಆದದ್ದನ್ನ ಹೇಳತೈತ್ರಿ. ಆಗೋದನ್ನ ಕೇಳಾಕ ನೀವ ಬೇಕು.” ಮಿಸ್ತ್ರಿ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಆ ಒಂದೇ ಶ್ರುತಿಯ ಒಳಗೆ ಸಣ್ಣದೊಂದು ಗರಗರ ಇದ್ದುದು ಆಗ ಕೇಳಿಸಿತು. ಬೀಸುಕಲ್ಲಿಗೂ ಹಾಡುವ ಹೆಂಗಸರಿದ್ದರಲ್ಲವೆ? ಕುಟ್ಟುವ ಪದವನ್ನಷ್ಟೇ ಬಲ್ಲವನು ಬೀಸುವ ಪದವನ್ನೂ ಕಲಿಯಬೇಕು, ಅಷ್ಟೆ.

ಈಗ ಮಳೆಗಾಲದಲ್ಲಿ ಹಳೆಯದು ನಡೆಯುತ್ತದೆ, ಬೇಸಗೆಯಲ್ಲಿ ಹೊಸದು. ಮುಂಡಗೋಡದ ಮನೆಯಲ್ಲಿ ಆತ ಈಗಲೂ ನಡುರಾತ್ರಿ ಎದ್ದು ಕೂಡುತ್ತಾನೆ. ಹೆಂಡತಿಯ ಮಾತು ಮಾತ್ರ ತುಸು ಬದಲಾಗಿದೆ: “ಎರಡೂ ನಿಂತಿಲ್ಲ, ಮಲಕೋರಿ.”