ಇಳಿಜಾರಿನಲ್ಲಿ ನಿಲ್ಲಿಸಿದ ಲಾರಿ

ಅಣ್ಣನ ಲಾರಿ ಬೆಳಿಗ್ಗೆ ಹೊತ್ತು ಸ್ಟಾರ್ಟೇ ಆಗುವುದಿಲ್ಲ ಅಂತ ಅತ್ತಿಗೆ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಯಾವುದೋ ರಿಲೀಸ್ ಕಾಲ್‌ನಲ್ಲಿದ್ದೆ. "ಪಂಪು ಬಿಚ್ಚಬೇಕಂತೆ, ಇಪ್ಪತ್ತೆಂಟು ಸಾವಿರ ಆಗ್ತದಂತೆ" ಅಂದರು. ಕಾಲ್ ಮ್ಯೂಟ್ ಮಾಡಿಕೊಂಡೇ ಅಣ್ಣನ ಖಾತೆಗೆ ಮೂವತ್ತು ಸಾವಿರ ಹಾಕಿದೆ. ಸಂಜೆಯೊಳಗೆ ಅಷ್ಟೂ ದುಡ್ಡು ವಾಪಸ್ ಬಂತು. ಮೆಸೇಜಿಲ್ಲ, ಫೋನಿಲ್ಲ. ಅಣ್ಣನ ಸಿಟ್ಟು ಹಾಗೆಯೇ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಲಾರಿ ಕ್ಲೀನರ್ ಆಗಿ, ಆಮೇಲೆ ಸ್ಟೇರಿಂಗ್ ಹಿಡಿದು ನನ್ನ ಬಿಇ ಫೀಸು ಕಟ್ಟಿದವನು ಅವನು. ಗುರುವಾರ ರಾತ್ರಿ ಬಸ್ಸು ಹತ್ತಿದೆ.

ಅವನಿರುವುದು ಜೆಪ್ಪುವಿನಲ್ಲಿ, ಹಂಚಿನ ಬಾಡಿಗೆ ಮನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಇದೇ ಜೆಪ್ಪುವಿನಲ್ಲಿ. ಈಗ ಅಣ್ಣನ ಮಿನಿ ಲಾರಿ ಹೊರುವುದು ಕೆಡವಿದ ಮನೆಗಳ ಹಳೆ ಹಂಚು, ಇಲ್ಲದಿದ್ದರೆ ಕೆಂಪುಕಲ್ಲು. ಆರು ಗಂಟೆಗೆ ಕೋರೆಯಲ್ಲಿ ಇಲ್ಲದಿದ್ದರೆ ಲೋಡು ಬೇರೆಯವರ ಪಾಲು. ಆ ವಾರ ಮೂರು ಲೋಡು ಹಾಗೇ ಹೋಗಿತ್ತು.

ನಾನು ಅಂಗಳಕ್ಕೆ ಕಾಲಿಡುವಾಗ ಅಣ್ಣ ಸೆಲ್ಫ್ ಹೊಡೆಯುತ್ತಿದ್ದ. ಬಂದ್ಯಾ ಅಂತಲೂ ಕೇಳಲಿಲ್ಲ. "ಹಿಂದೆ ಹೋಗಿ ಹೊಗೆ ನೋಡು" ಅಂದ. ಹೊಗೆಯೇ ಇರಲಿಲ್ಲ. "ಬಿಳಿ ಹೊಗೆ ಬಂದ್ರೆ ಡೀಸೆಲ್ ಹೋಗ್ತಾ ಉಂಟು, ಉರೀತಾ ಇಲ್ಲ ಅಂತ. ಹೊಗೆಯೇ ಇಲ್ಲ ಅಂದ್ರೆ ಡೀಸೆಲೇ ಹೋಗ್ತಾ ಇಲ್ಲ." ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಫೀಡ್ ಪಂಪಿನ ಗುಂಡಿಯನ್ನು ಕೈಯಲ್ಲಿ ಒತ್ತತೊಡಗಿದ. ಪುಸ್ ಪುಸ್ ಅಂತ ಬರೀ ನೊರೆ. ನೊರೆ ನಿಂತು ಡೀಸೆಲ್ ಮಾತ್ರ ಬರುವವರೆಗೆ ಒತ್ತಿ, ಸ್ಕ್ರೂ ಬಿಗಿದು, ಮತ್ತೆ ಸೆಲ್ಫ್ ಹೊಡೆದ. ಸ್ಟಾರ್ಟ್! ಇನ್ನು ಸಂಜೆಯವರೆಗೆ ತೊಂದರೆಯಿಲ್ಲವಂತೆ. ನಾಳೆ ಬೆಳಿಗ್ಗೆ ಮತ್ತೆ ಇದೇ ಕಥೆ.

ಡೀಸೆಲ್ ಎಂಜಿನ್ನಿಗೆ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಅದಕ್ಕೆ ನಾಝಲ್ ಬಾಯಿ ಬಿಡಬೇಕಾದರೆ ಸುಮಾರು 200 ಬಾರ್ ಒತ್ತಡ ಬೇಕು, ಕಾರಿನ ಟೈರಿನ ಗಾಳಿಗಿಂತ ಹತ್ತಿರ ಹತ್ತಿರ ನೂರು ಪಟ್ಟು. ಪೈಪಿನಲ್ಲಿ ಡೀಸೆಲ್ ಬದಲು ಗಾಳಿ ಕೂತರೆ ಪಂಪು ಎಷ್ಟು ಒತ್ತಿದರೂ ಆ ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತದೆಯೇ ಹೊರತು ನಾಝಲ್ ತೆರೆಯುವುದಿಲ್ಲ. ಇನ್ನೊಂದು ಚೋದ್ಯ ಉಂಟು. ಟ್ಯಾಂಕಿಯಿಂದ ಫೀಡ್ ಪಂಪಿನವರೆಗಿನ ಪೈಪು ಡೀಸೆಲನ್ನು ಎಳೆಯುವ ಪೈಪು. ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಬೀಳದ ಲೀಕು. ಹುಡುಕುವುದು ಹೇಗೆ?

ಪಂಪೇ ಹಾಳಾಗಿದ್ದರೆ ಹಗಲಿಡೀ ಹೇಗೆ ಓಡುತ್ತದೆ ಅನ್ನುವುದು ನನ್ನ ಪ್ರಶ್ನೆ. ಗ್ಯಾರೇಜಿನವರು ಅದನ್ನು ಯೋಚಿಸಿದ ಹಾಗೆ ಕಾಣಲಿಲ್ಲ. (ಲಾರಿಯವರ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪು. ಕಂಪೆನಿಯ ಹೆಸರು 2008ರಲ್ಲೇ ಬಾಷ್ ಅಂತಾಯಿತು. ಆಡುಗೋಡಿಯ ಆ ಫ್ಯಾಕ್ಟರಿ ಎದುರು ಟ್ರಾಫಿಕ್ಕಿನಲ್ಲಿ ನನ್ನ ಎಷ್ಟೋ ಸಂಜೆಗಳು ಕಳೆದಿವೆ, ಅದಕ್ಕೂ ಅಣ್ಣನ ಲಾರಿಗೂ ನಂಟಿದೆ ಅಂತ ಹೊಳೆದದ್ದೇ ಇಲ್ಲ.)

ಸಂಜೆ ಮೇಸ್ತ್ರಿಯೊಬ್ಬರ ಲೆವೆಲ್ ಪೈಪಿನದೊಂದು ತುಂಡು ತಂದು ಫೀಡ್ ಪಂಪಿನ ಹಿಂದೆ ಜೋಡಿಸಿದೆವು. ಪಾರದರ್ಶಕ ಪೈಪು. ಎಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳು ಇರುವೆ ಸಾಲಿನಂತೆ ಬಂದವು. ಟ್ಯಾಂಕಿ ಬಿಟ್ಟು ಕ್ಯಾನಿನಿಂದ ಡೀಸೆಲ್ ಕೊಟ್ಟಾಗ ಒಂದೂ ಗುಳ್ಳೆಯಿಲ್ಲ. ಪಂಪು ಸರಿ ಉಂಟು ಅಂತಾಯಿತು, ಇನ್ನುಳಿದದ್ದು ಟ್ಯಾಂಕಿಯಿಂದ ಇಲ್ಲಿಯವರೆಗಿನ ದಾರಿ. ಕೋಡಿನಲ್ಲಿ ಬಗ್ ಹುಡುಕುವಾಗ ನಾವು ಮಾಡುವುದೂ ಇದನ್ನೇ, ಅರ್ಧ ಅರ್ಧ ಮಾಡುತ್ತಾ ಹೋಗುವುದು. ಆದರೆ ಈ ದಾರಿಯಲ್ಲಿ ಜಾಯಿಂಟುಗಳು ತುಂಬ, ಅರ್ಧಕ್ಕೆ ಕೈಯೇ ಎಟಕುವುದಿಲ್ಲ.

"ದಿನಾ ಹೀಗೆಯಾ?" ಕೇಳಿದೆ.

"ಮಂಗಳವಾರ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು ಮಾರಾಯ."

"ಸೋಮವಾರ ರಾತ್ರಿ ಎಂತ ಬೇರೆ ಮಾಡಿದ್ದಿ?"

ಅಣ್ಣ ತಲೆ ಕೆರೆದುಕೊಂಡ. ಅವತ್ತು ಇವನ ಜಾಗದಲ್ಲಿ ಯಾರದೋ ಕಾರಿತ್ತಂತೆ. ಆಚೆಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದನಂತೆ. ಡೀಸೆಲ್ ಫುಲ್ ಟ್ಯಾಂಕಿ. ಹೇಳುತ್ತಾ ಹೇಳುತ್ತಾ ಅವನೇ ನಿಲ್ಲಿಸಿದ, ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಮೂತಿ ಕೆಳಗಾದರೆ ಟ್ಯಾಂಕಿಯ ಡೀಸೆಲ್ ಪೈಪಿಗಿಂತ ಮೇಲೆ. ಆಗ ಗಾಳಿ ಒಳಗೆ ಬರಲಾರದು, ಡೀಸೆಲೇ ಹೊರಗೆ ಬರಬೇಕು.

ಟ್ಯಾಂಕಿ ತುಂಬಿಸಿ, ಅದೇ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಸ್ ಉದ್ದಕ್ಕೂ ಪೇಪರು ಹಾಸಿ ಮಲಗಿದೆವು. ನಾಲ್ಕೂವರೆಗೆ ಟಾರ್ಚ್ ಹಿಡಿದು ಅಡಿಗೆ ನುಗ್ಗಿದರೆ, ಪೇಪರಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ. ಅದರ ನೇರ ಮೇಲೆ, ಕಬ್ಬಿಣದ ಪೈಪಿಗೆ ರಬ್ಬರ್ ಹೋಸ್ ಸೇರುವಲ್ಲಿ, ಕ್ಲಿಪ್ಪಿನ ಕೆಳಗೆ ಕೂದಲೆಳೆಯ ಬಿರುಕು.

ಒಂದಡಿ ಹೋಸ್, ಎರಡು ಕ್ಲಿಪ್ಪು. ಇನ್ನೂರು ರೂಪಾಯಿಯೂ ಆಗಲಿಲ್ಲ. ಅಂಗಡಿಯಲ್ಲಿ ನಾನು ಫೋನು ತೆಗೆಯುವುದಕ್ಕೆ ಮೊದಲೇ ಅಣ್ಣ ನೋಟು ಕೊಟ್ಟಾಗಿತ್ತು.

ಚಾ ಕುಡಿಯುವಾಗ ಅಂದ, "ದುಡ್ಡು ಹಾಕಿದ್ದಿ, ಸರಿ. ಲಾರಿಗೆ ಎಂತ ಆಗಿದೆ ಅಂತ ಒಂದು ಮಾತು ಕೇಳ್ಳಿಲ್ಲ ನೀನು." ಅತ್ತಿಗೆ ಒಳಗೆ ಹೋದರು. ಕಾಲ್‌ನಲ್ಲಿದ್ದೆ ಅಂತ ಹೇಳಹೊರಟವನು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ, ಸಮತಟ್ಟು ಜಾಗದಲ್ಲಿ, ಒಂದೇ ಸೆಲ್ಫಿಗೆ ಸ್ಟಾರ್ಟ್. ಅವತ್ತು ಲೋಡಿರಲಿಲ್ಲ. ಆದರೂ ಐದು ಗಂಟೆಗೇ ಎದ್ದು ಸ್ಟಾರ್ಟ್ ಮಾಡಿ, ನಾನು ಏಳುವವರೆಗೆ ರೇಸ್ ಕೊಟ್ಟ.

ಮೊನ್ನೆ ಫೋನ್ ಮಾಡಿದ್ದ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸೋತಿದೆಯಂತೆ. ಎಷ್ಟು ವರ್ಷದ್ದು, ನೀರು ನೋಡಿದ್ಯಾ, ಟರ್ಮಿನಲ್ ಉಜ್ಜಿದ್ಯಾ ಅಂತ ಒಂದೊಂದೇ ಕೇಳಿದೆ. ಎಲ್ಲಕ್ಕೂ ಉತ್ತರ ಕೊಟ್ಟ.

"ಹಾಗಾದ್ರೆ ಹೊಸತೇ ಬೇಕು" ಅಂದೆ.

"ಹೌದು. ಅರ್ಧ ನೀನು ಹಾಕು" ಅಂದ.