ಬಡ ಸಭೆಯೊಂದು ಬೆಳೆಸಿದ ಮೇಷ್ಟರು

1817ರಲ್ಲಿ ಬಂಗಾಳದ ಶ್ರೀರಾಂಪುರದ ಮುದ್ರಣಾಲಯದಿಂದ ಒಂದು ಕನ್ನಡ ವ್ಯಾಕರಣ ಹೊರಬಂತು. ‘ಕರ್ನಾಟ ಭಾಷೆ’ಯನ್ನು ಇಂಗ್ಲಿಷ್ ಬಲ್ಲವರಿಗೆ ಕಲಿಸಲೆಂದು ಬರೆದ ಪುಸ್ತಕ ಅದು. ಬರೆದವನು ವಿಲಿಯಂ ಕ್ಯಾರಿ. ವಿದ್ಯಾರ್ಥಿಯಾಗಿ ಆತ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಕಲಿತ ಕಸುಬು ಜೋಡು ಹೊಲಿಯುವುದು. ಇಂಥವನು ಭಾಷೆಗಳ ಬೆನ್ನು ಹತ್ತಿದ್ದು ಹೇಗೆ ಎಂದು ಹುಡುಕಿಕೊಂಡು ಹೋದರೆ ನಾವು ತಲುಪುವುದು ಇಂಗ್ಲೆಂಡಿನ ನಡುಭಾಗದ ಮೌಲ್ಟನ್ ಎಂಬ ಹಳ್ಳಿಯನ್ನು. ನಾರ್ಥಾಂಪ್ಟನ್ ಪಟ್ಟಣದಿಂದ ಅದು ನಾಲ್ಕು ಮೈಲಿ. ಅಲ್ಲಿ ಒಂದು ಪುಟ್ಟ ಬ್ಯಾಪ್ಟಿಸ್ಟ್ ಸಭೆ ಇತ್ತು.

ದೊಡ್ಡವರ ಕಥೆಯನ್ನು ನಾವು ಮಕ್ಕಳಿಗೆ ಹೇಳುವ ರೀತಿ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಬೀದಿದೀಪದ ಕೆಳಗೆ ಓದಿದ, ಛಲದಿಂದ ಮೇಲೆ ಬಂದ ಎಂದು ಹೇಳಿ ಮುಗಿಸಿಬಿಡುತ್ತೇವೆ. ಆ ದೀಪಕ್ಕೆ ಎಣ್ಣೆ ಹೊಯ್ದವರು ಯಾರು ಎಂದು ಕೇಳುವುದಿಲ್ಲ. ಮೌಲ್ಟನ್ನಿನ ಸಭೆಯ ಕಥೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಅದು ಎಣ್ಣೆ ಹೊಯ್ದವರ ಕಥೆ.

ಬ್ಯಾಪ್ಟಿಸ್ಟರು ಎಂದರೆ ಯಾರು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಕೂಸಿಗೆ ದೀಕ್ಷಾಸ್ನಾನ ಕೊಡುವುದನ್ನು ಅವರು ಒಪ್ಪುವುದಿಲ್ಲ. ಬುದ್ಧಿ ಬಂದ ಮೇಲೆ, ನಂಬಿದವನು ತಾನಾಗಿ ಮುಂದೆ ಬಂದು, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಮೇಲಿನಿಂದ ಆಳುವ ಬಿಷಪ್ಪರು ಅವರಿಗಿಲ್ಲ. ಪ್ರತಿಯೊಂದು ಊರಿನ ಸಭೆಯೂ ಸ್ವತಂತ್ರ. ಸಭಾಪಾಲಕನನ್ನು ಆರಿಸುವವರು, ಅವನ ಹೊಟ್ಟೆಬಟ್ಟೆ ನೋಡಿಕೊಳ್ಳುವವರು, ಕಟ್ಟಡದ ಮಾಡು ಸೋರಿದರೆ ಸರಿಪಡಿಸುವವರು ಎಲ್ಲರೂ ಆ ಸಭೆಯ ಸದಸ್ಯರೇ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕೆ ಬೆಲೆ ತೆರಬೇಕಾಗಿತ್ತು. ರಾಜ್ಯದ ಅಧಿಕೃತ ಚರ್ಚಿನಿಂದ ಹೊರಗಿದ್ದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ ತಮ್ಮ ಹುಡುಗರಲ್ಲಿ ಯಾರಿಗಾದರೂ ಓದಿನ ಹುಚ್ಚು ಹತ್ತಿದರೆ ಅದನ್ನು ಸಾಕುವ ಹೊಣೆ ಸಭೆಗಳ ಮೇಲೆಯೇ ಬೀಳುತ್ತಿತ್ತು.

ಕ್ಯಾರಿ ಹುಟ್ಟಿದ್ದು 1761ರಲ್ಲಿ, ಅದೇ ಸೀಮೆಯ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ. ತಂದೆ ನೇಯ್ಗೆಯವನು, ಮುಂದೆ ಹಳ್ಳಿಯ ಶಾಲೆಯ ಮೇಷ್ಟರಾದವನು. ಮಗನನ್ನು ಜೋಡು ಹೊಲಿಯುವವರ ಬಳಿ ಕೆಲಸ ಕಲಿಯಲು ಬಿಟ್ಟ. ಜೊತೆಯ ಕೆಲಸಗಾರನ ಮಾತಿನಿಂದ ಹುಡುಗ ಅಧಿಕೃತ ಚರ್ಚನ್ನು ಬಿಟ್ಟು ಹೊರಗಿನವರ ಕಡೆ ವಾಲಿದ. 1783ರ ಅಕ್ಟೋಬರಿನಲ್ಲಿ ನೆನ್ ನದಿಯಲ್ಲಿ ಮುಳುಗಿ ಬ್ಯಾಪ್ಟಿಸ್ಟನಾದ.

ಮುಂದಿನ ಒಂದು ಘಟನೆಯನ್ನು ಪರೀಕ್ಷೆಯ ಫಲಿತಾಂಶದ ದಿನ ಮನೆಮನೆಯಲ್ಲೂ ಓದಬೇಕು ಎಂದು ನನಗೆ ಅನ್ನಿಸುತ್ತದೆ. ಬೋಧಕನಾಗಲು ಕ್ಯಾರಿಗೆ ಒಂದು ಸಭೆಯ ಒಪ್ಪಿಗೆ ಬೇಕಾಗಿತ್ತು. 1785ರಲ್ಲಿ ಆತ ಓಲ್ನಿ ಎಂಬ ಊರಿನ ಸಭೆಯ ಮುಂದೆ ನಿಂತು ಉಪದೇಶ ಮಾಡಿದ. ಕೇಳಿದವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ಅವರು ಅವನನ್ನು ‘ಆಗದು’ ಎಂದು ಮನೆಗೆ ಕಳಿಸಲಿಲ್ಲ. ಸಣ್ಣ ಊರುಗಳಲ್ಲಿ ಹೇಳುತ್ತಿರು, ಸ್ವಲ್ಪ ಕಾಲ ಬಿಟ್ಟು ಮತ್ತೆ ನಮ್ಮ ಮುಂದೆ ಬಾ ಎಂದು ತೀರ್ಮಾನಿಸಿದರು. ಮರುವರ್ಷ ಆತ ಮತ್ತೆ ಬಂದ. 1786ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಂದು ವರ್ಷ ಅವನ ಉಪದೇಶ ಕೇಳಿಸಿಕೊಂಡ ಸಣ್ಣ ಊರುಗಳಲ್ಲಿ ಮೌಲ್ಟನ್ ಒಂದು.

ಮೌಲ್ಟನ್ನಿನ ಸಭೆಗೆ ಬಹಳ ಕಾಲದಿಂದ ಸಭಾಪಾಲಕನೇ ಇರಲಿಲ್ಲ. ಜನ ಚದುರಿದ್ದರು, ಪ್ರಾರ್ಥನಾ ಮಂದಿರ ಹಳೆಯದಾಗಿತ್ತು. ಊರಿನ ಮೇಷ್ಟರು ಬಿಟ್ಟುಹೋಗಿದ್ದರಿಂದ ಶಾಲೆ ನಡೆಸಿ ಬದುಕಬಹುದೆಂದು ಕ್ಯಾರಿ 1785ರಲ್ಲಿ ಹೆಂಡತಿ ಡೊರೊಥಿಯೊಂದಿಗೆ ಅಲ್ಲಿಗೆ ಬಂದಿದ್ದ. ಹಳೆಯ ಮೇಷ್ಟರು ಹಿಂತಿರುಗಿದ್ದೇ ತಡ, ಮಕ್ಕಳು ಅತ್ತ ಸರಿದರು. ಹುಡುಗರನ್ನು ಹದ್ದುಬಸ್ತಿನಲ್ಲಿಡುವುದು ಇವನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಮತ್ತೆ ಉಳಿ, ದಾರ, ಚರ್ಮ ಹಿಡಿಯಬೇಕಾಯಿತು. ಸಭೆ ಅವನಿಗೆ ಕೊಡಬಲ್ಲದ್ದು ವರ್ಷಕ್ಕೆ ಸುಮಾರು 10 ಪೌಂಡು ಮಾತ್ರ. ಲಂಡನ್ನಿನ ನಿಧಿಯೊಂದರಿಂದ ಇನ್ನು 5 ಪೌಂಡು ಬರುತ್ತಿತ್ತು. ಸಂಸಾರ ತೂಗಿಸಲು ಅದು ಸಾಲುತ್ತಿರಲಿಲ್ಲ. 1787ರ ಆಗಸ್ಟ್ 1ರಂದು ಆ ಬಡವರು ಅವನನ್ನೇ ವಿಧಿವತ್ತಾಗಿ ತಮ್ಮ ಸಭಾಪಾಲಕನನ್ನಾಗಿ ಮಾಡಿಕೊಂಡರು.

ಹೊಲಿಯುತ್ತಾ ಓದುವ ಸಭಾಪಾಲಕನನ್ನು ಅವರು ಸಹಿಸಿಕೊಂಡರು ಎಂಬುದೇ ನನಗೆ ದೊಡ್ಡ ಮಾತಾಗಿ ಕಾಣುತ್ತದೆ. ಆತ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾನೇ ಕಲಿಯುತ್ತಿದ್ದ. ಕ್ಯಾಪ್ಟನ್ ಕುಕ್‌ನ ಸಮುದ್ರಯಾನಗಳನ್ನು ಓದಿದ್ದ. ಕಾಗದದ ಹಾಳೆಗಳನ್ನು ಅಂಟಿಸಿ, ಕೈಯಲ್ಲೇ ಜಗತ್ತಿನ ನಕ್ಷೆ ಬರೆದು ಗೋಡೆಗೆ ತೂಗುಹಾಕಿದ್ದ. ಒಂದೊಂದು ದೇಶದ ಮೇಲೂ ಅಲ್ಲಿನ ಜನರೆಷ್ಟು, ಧರ್ಮವೇನು ಎಂದು ಗುರುತು ಹಾಕಿದ್ದ. ಪಕ್ಕದ ಕೆಟರಿಂಗ್ ಊರಿನ ಸಭಾಪಾಲಕ ಆಂಡ್ರ್ಯೂ ಫುಲ್ಲರ್ ಈ ನಕ್ಷೆಯನ್ನು ಕಂಡು ನೆನಪಿಟ್ಟುಕೊಂಡಿದ್ದ. ಫುಲ್ಲರನ ಸಭೆಯಲ್ಲಿ ಥಾಮಸ್ ಗಾಚ್ ಎಂಬ ಪಾದರಕ್ಷೆ ವ್ಯಾಪಾರಿಯೊಬ್ಬನಿದ್ದ. ನನ್ನ ಚರ್ಮವನ್ನು ಇನ್ನು ಹಾಳುಮಾಡಬೇಡ, ವಾರಕ್ಕೆ 10 ಷಿಲ್ಲಿಂಗ್ ಕೊಡುತ್ತೇನೆ, ಓದಿಕೋ ಎಂದು ಆತ ಹೇಳಿದನೆಂದು ಕ್ಯಾರಿಯ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನಾವು ‘ವಿದ್ಯಾರ್ಥಿವೇತನ’ ಎನ್ನುವುದು ಇದನ್ನೇ ಅಲ್ಲವೆ? ಅರ್ಜಿಯಿಲ್ಲ, ಅಂಕಪಟ್ಟಿಯಿಲ್ಲ, ಒಬ್ಬ ವ್ಯಾಪಾರಿಯ ಕಣ್ಣಿಗೆ ಬಿದ್ದ ಶ್ರದ್ಧೆಯಷ್ಟೇ.

ಸಭೆಗೂ ಫಲ ಸಿಕ್ಕಿತು. ಕೇಳುವವರು ಹೆಚ್ಚಿ ಮಂದಿರ ಸಾಲದಾಯಿತು. ಅದನ್ನು ದೊಡ್ಡದು ಮಾಡಲು ಕೈಯಲ್ಲಿ ಹಣವಿಲ್ಲದೆ, ಮೌಲ್ಟನ್ನಿನವರು ಸುತ್ತಲಿನ ಸಭೆಗಳ ಮುಂದೆ ಸಂಕೋಚ ಬಿಟ್ಟು ಕೈಚಾಚಿದರು. ಆದರೆ ಹೀಗೆ ಸಾಕಿದವನನ್ನು ಅವರು ಇಟ್ಟುಕೊಳ್ಳಲಾಗಲಿಲ್ಲ. 1789ರಲ್ಲಿ ಲೆಸ್ಟರ್ ಪಟ್ಟಣದ ಸಭೆ ಕರೆಯಿತು, ಕ್ಯಾರಿ ಹೊರಟ. ಓದಿಸಿದ ಮಗ ಪೇಟೆ ಸೇರಿದ ಮೇಲೆ ಹಳ್ಳಿಯ ಮನೆ ಹೇಗಿರುತ್ತದೆ ಎಂಬುದು ನಮಗೆ ಹೊಸದಲ್ಲ.

ಮೂರು ವರ್ಷಗಳ ನಂತರ, 1792ರ ಅಕ್ಟೋಬರ್ 2ರಂದು, ಇಂಥವೇ ಸಣ್ಣ ಸಭೆಗಳ ಕೆಲವು ಪಾಲಕರು ಕೆಟರಿಂಗಿನ ಒಂದು ಮನೆಯಲ್ಲಿ ಸೇರಿ ಮಿಷನ್ ಸಂಘ ಕಟ್ಟಿದರು. ಕೊಡುತ್ತೇವೆಂದು ಬರೆದುಕೊಟ್ಟ ಹಣ 13 ಪೌಂಡು 2 ಷಿಲ್ಲಿಂಗ್ 6 ಪೆನ್ಸ್. ಆ ಚೀಟಿಗಳನ್ನು ಫುಲ್ಲರನ ನಶ್ಯದ ಡಬ್ಬಿಯಲ್ಲಿ ಇಟ್ಟರಂತೆ. 1793ರಲ್ಲಿ ಕ್ಯಾರಿ ಬಂಗಾಳಕ್ಕೆ ಬಂದ. ಸಾಯುವ ತನಕ, ಎಂದರೆ 1834ರವರೆಗೆ, ಮತ್ತೆ ಇಂಗ್ಲೆಂಡಿಗೆ ಹೋಗಲಿಲ್ಲ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿ ಕಲಿಸಿದ. 1818ರಲ್ಲಿ ಸಂಗಡಿಗರೊಂದಿಗೆ ಶ್ರೀರಾಂಪುರದಲ್ಲಿ ಕಾಲೇಜು ತೆರೆದ. ಆ ನಡುವೆಯೇ ನಮ್ಮ ಭಾಷೆಯ ವ್ಯಾಕರಣವನ್ನೂ ಬರೆದ. ಮತಪ್ರಚಾರವೇ ಅವನ ಮುಖ್ಯ ಗುರಿಯಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದನ್ನು ಒಪ್ಪದವರೂ ಅವನ ದುಡಿಮೆಯನ್ನು ಅಲ್ಲಗಳೆಯಲಾರರು.

ಈ ಲೆಕ್ಕದಲ್ಲಿ ಒಂದು ಹೆಸರು ಮಾತ್ರ ಖರ್ಚಿನ ಕಡೆ ಉಳಿಯುತ್ತದೆ. ಡೊರೊಥಿ ಮದುವೆಯ ದಾಖಲೆಯಲ್ಲಿ ಸಹಿಯ ಜಾಗದಲ್ಲಿ ಗೀಟು ಎಳೆದವಳು. ಮೌಲ್ಟನ್ನಿನಲ್ಲಿ ಗಂಡನ ಕೈಯಿಂದಲೇ ದೀಕ್ಷಾಸ್ನಾನ ಪಡೆದವಳು. ಭಾರತಕ್ಕೆ ಬರಲಾರೆ ಎಂದು ಮೊದಲು ಖಂಡಿತವಾಗಿ ಹೇಳಿದ್ದಳು. ಹಡಗಿನ ತೊಡಕಿನಿಂದ ಪಯಣ ತಡವಾದಾಗ, ತಂಗಿಯೂ ಜೊತೆಗೆ ಬರುವುದಾದರೆ ಎಂದು ಒಪ್ಪಿದಳು. 1794ರಲ್ಲಿ, ಮೌಲ್ಟನ್ನಿನಲ್ಲಿ ಹುಟ್ಟಿದ ಐದು ವರ್ಷದ ಮಗ ಪೀಟರ್ ಬಂಗಾಳದಲ್ಲಿ ತೀರಿಕೊಂಡ. ಆಮೇಲೆ ಆಕೆಯ ಮನಸ್ಸು ಹಿಡಿತ ತಪ್ಪಿತು. 1807ರಲ್ಲಿ ಸಾಯುವವರೆಗೂ ಆಕೆ ಚೇತರಿಸಿಕೊಳ್ಳಲಿಲ್ಲ. ಗಂಡ ಪಕ್ಕದ ಕೋಣೆಯಲ್ಲಿ ಭಾಷಾಂತರ ಮಾಡುತ್ತಲೇ ಇದ್ದ. ಅವನ ಸಾಧನೆಯನ್ನು ಮೆಚ್ಚುವಾಗ ಈ ಗೋಡೆಯ ಆಚೆಗಿನ ಸದ್ದನ್ನೂ ಕೇಳಿಸಿಕೊಳ್ಳಬೇಕು. ‘ನಮ್ಮ ಮಗ ಏನಾದರೂ ಆಗಲಿ, ದೊಡ್ಡವನಾಗಲಿ’ ಎನ್ನುವ ನಾವು, ಅದಕ್ಕೆ ಮನೆಯಲ್ಲಿ ಯಾರು ಬೆಲೆ ತೆರುತ್ತಿದ್ದಾರೆ ಎಂದು ನಡುನಡುವೆ ನೋಡಿಕೊಳ್ಳುವುದು ಒಳ್ಳೆಯದು.

ಮೌಲ್ಟನ್ನಿನ ಸಭೆ ಇಂದಿಗೂ ಇದೆ. ಕ್ಯಾರಿಯ ಹೆಸರನ್ನೇ ಹೊತ್ತಿದೆ. ಪಕ್ಕದಲ್ಲೇ ಆತ ವಾಸವಿದ್ದ ಪುಟ್ಟ ಮನೆಯನ್ನು ಕಾಪಾಡಿಕೊಂಡಿದ್ದಾರೆ. ಅವನಿಗೆ ವರ್ಷಕ್ಕೆ 10 ಪೌಂಡು ಕೂಡಿಸಿಕೊಟ್ಟವರ ಹೆಸರನ್ನು ಮಾತ್ರ ಇಂದು ಯಾರೂ ಹೇಳುವುದಿಲ್ಲ. ಅವರು ಮಾಡಿದ್ದು ಇಷ್ಟು: ಸಣ್ಣ ಮಾತುಗಾರನನ್ನು ತಾಳ್ಮೆಯಿಂದ ಕೇಳಿದರು, ಇದ್ದುದರಲ್ಲಿ ಕೊಟ್ಟರು, ಹೊರಡುವ ಹೊತ್ತು ಬಂದಾಗ ಬಿಟ್ಟುಕೊಟ್ಟರು. ನಮ್ಮ ಊರುಗಳಲ್ಲೂ ಒಂದು ಶಾಲೆಯೋ ಮಠವೋ ಮಸೀದಿಯೋ ಭಜನಾ ಮಂದಿರವೋ ಇದ್ದೇ ಇರುತ್ತದೆ. ಅಲ್ಲಿ ತಡವರಿಸುತ್ತಾ ಮಾತನಾಡುವ ಹುಡುಗನೋ ಹುಡುಗಿಯೋ ಇದ್ದರೆ, ಮುಂದಿನ ವರ್ಷ ಮತ್ತೆ ಬಾ ಎಂದು ಹೇಳುವ ನಾಲ್ಕು ಜನ ಬೇಕು.